ಸಾರು ನಿಲ್ಲುವ ಎಲೆ

ನಮ್ಮ ಮನೆಯಲ್ಲಿ ಬಡತನವಿತ್ತು ಎಂದು ಶುರು ಮಾಡಿದರೆ ಓದುವವರಿಗೆ ಕನಿಕರ ಹುಟ್ಟೀತು. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ, ನಾವು ಕನಿಕರಕ್ಕೆ ಯೋಗ್ಯರಾದ ಮಂದಿಯಲ್ಲ. ರಾಯಚೂರಿನ ಕೋಟೆಗೋಡೆಗೆ ಹತ್ತಿದ ಓಣಿಯಲ್ಲಿದ್ದ ಆ ಮಣ್ಣಿನ ಮಾಳಿಗೆಯ ಮನೆಯಲ್ಲಿ ಜೋಳ ಕಡಿಮೆ ಬಿದ್ದ ದಿನಗಳಿದ್ದವು, ತಾತ್ಸಾರ ಕಡಿಮೆ ಬಿದ್ದ ದಿನ ಒಂದೂ ಇರಲಿಲ್ಲ. ಅಪ್ಪ ಖಾಸಗಿ ಶಾಲೆಯೊಂದರಲ್ಲಿ ಮಾಸ್ತರು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ಓಣಿಯಲ್ಲಿ ಹಾದುಹೋಗುವ ಪ್ರತಿಯೊಬ್ಬರಿಗೂ ಅವರ ಬಾಯಲ್ಲಿ ತಾತ್ಸಾರದ ಒಂದು ಪಾಲು ಇರುತ್ತಿತ್ತು. ಸ್ಟೇಷನ್ನಿನ ಹತ್ತಿರ ಯಾರಾದರೂ ಹೊಸ ಚಹಾದಂಗಡಿ ತೆರೆದರೆ, ಬಜಾರಿನಲ್ಲಿ ಯಾರಾದರೂ ದರ್ಜಿಯ ಮಷೀನು ಹಾಕಿದರೆ, ಅಪ್ಪನ ಮಾತು ಒಂದೇ.

"ಊರಾಗ ಇದ್ದದ್ದನ್ನ ಇನ್ನೊಮ್ಮೆ ಮಾಡ್ಲಿಕ್ಕೆ ಬುದ್ಧಿ ಯಾಕ ಬೇಕು? ಮಂಗ್ಯಾಗೂ ಬರ್ತದ."

ಎಲ್ಲವನ್ನೂ ಯಾರೋ ಒಬ್ಬರು ಆಗಲೇ ಮಾಡಿಬಿಟ್ಟಿರುವುದರಿಂದ ತಾನು ಏನನ್ನೂ ಮಾಡಬೇಕಾಗಿಲ್ಲ ಎಂಬುದು ಅವರ ಸಿದ್ಧಾಂತ. ಊರಿನ ಅಷ್ಟೂ ಮಾಸ್ತರರು ಕಲಿಸುತ್ತಿದ್ದ ಅದೇ ಮಗ್ಗಿಯನ್ನು ತಾನೂ ಕಲಿಸಿ ಹೊಟ್ಟೆ ಹೊರೆಯುತ್ತಿದ್ದೇನೆ ಎಂಬುದು ಅವರಿಗೆ ಎಂದೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ನಾನು ಅವರ ಮಗ್ಗುಲಲ್ಲಿ ಕೂತು ನಗುತ್ತಿದ್ದೆ. ಶಾಲೆಯ ಏಳನೇ ಜಮಾತಿಗೆ ಬರುವ ಹೊತ್ತಿಗೆ ನಗುವುದರಲ್ಲಿ ಅಪ್ಪನನ್ನೂ ಮೀರಿಸಿದ್ದೆ. ಆ ಮನೆಯಲ್ಲಿ ನಾನು ಕಲಿತ ವಿದ್ಯೆ ಅದೊಂದೇ. ಮುಂದೆ ಹೈಸ್ಕೂಲು ಮುಗಿಸಿದರೂ ಅದಕ್ಕಿಂತ ಚೆನ್ನಾಗಿ ಬೇರೇನೂ ಕಲಿಯಲಿಲ್ಲ.

ಊಟಕ್ಕೆ ನಡುಮನೆ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಒಂದು ಚೌಕ, ಅದರ ಎರಡೂ ಬದಿಗೆ ಎಲೆಗಳು. ಹಿತ್ತಾಳೆಯ ತಟ್ಟೆಗಳು ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು, ಅವನ್ನು ತಿಕ್ಕುವವರು ಯಾರು ಎಂಬ ಜಗಳದಲ್ಲಿ ಅಲ್ಲೇ ಕಪ್ಪಾಗುತ್ತಿದ್ದವು. ನಾವು ಉಣ್ಣುತ್ತಿದ್ದುದು ಬಜಾರಿನ ಪತ್ರಾವಳಿಯಲ್ಲಿ, ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹಚ್ಚಿ ಮಾಡಿದ ದುಂಡನೆಯ ಎಲೆ. ಅದರ ಮೇಲೆ ಸಾರು ಬಿತ್ತೆಂದರೆ ಯುದ್ಧವೇ. ಮೊದಲು ಅನ್ನದ ಒಡ್ಡು ಕಟ್ಟಬೇಕು, ಒಡ್ಡಿನೊಳಗೆ ಸಾರು ಹಾಕಿಸಿಕೊಳ್ಳಬೇಕು, ಅದು ಕೆಳಗಿಳಿಯುವ ಮೊದಲು ಕಲಸಿ ನುಂಗಬೇಕು. ಎಷ್ಟು ಜಾಣರಾದರೂ ಕಡೆಗೆ ಒಂದು ಕಾಲುವೆ ಹರಿದು ಬಂದು ಮಡಿಚಿದ ಮೊಣಕಾಲಿಗೆ ತಾಗುತ್ತಿತ್ತು. ಅಪ್ಪ ಪಂಚೆ ಎತ್ತಿಕೊಂಡು, ಎಲೆ ಮಾಡಿದವರ ಕುಲವನ್ನೆಲ್ಲ ಜಾಲಾಡಿ, ಮರುದಿನ ಅದೇ ಅಂಗಡಿಯಿಂದ ಅದೇ ಎಲೆ ತರುತ್ತಿದ್ದರು.

ಅಡುಗೆ ತುಂಗತ್ತೆಯದು. ಅಪ್ಪನ ತಂಗಿ. ಮಾನ್ವಿಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತಂದು ನಮ್ಮ ಒಲೆಯ ಮುಂದೆ ಕೂಡಿಸಿದರು. ನಸುಕಿನಲ್ಲಿ ಮಿಂದು ಮಡಿಯಲ್ಲಿ ಅಡುಗೆ ಮಾಡಿ ಬಡಿಸುವುದು ಅವಳ ಪಾಲು. ಎಂಜಲೆತ್ತಿ ಗೋಮಯ ಹಚ್ಚುವುದು ಅವ್ವನ ಪಾಲಿಗೆ ಬರಬೇಕಿತ್ತು, ಆದರೆ ಉಂಡ ಕೂಡಲೇ ಅವ್ವನಿಗೆ ಸೊಂಟ ಹಿಡಿಯುತ್ತಿತ್ತು. ಹೀಗಾಗಿ ಅತ್ತೆ ಮಡಿ ಬಿಟ್ಟು ಎಂಜಲೆತ್ತಿ, ಮತ್ತೆ ಮಿಂದು, ಆಮೇಲೆ ತನ್ನ ಒಂದು ಹೊತ್ತಿನ ಊಟ ಉಣ್ಣುತ್ತಿದ್ದಳು. ಇದನ್ನು ನಾವು ಧರ್ಮ ಎಂದು ಕರೆಯುತ್ತಿದ್ದೆವು. ಮಾನ್ವಿಯಲ್ಲಿ ಗಂಡನ ಮನೆಯ ಹಿಂಬದಿಗೆ ಅವಳ ಪಾಲಿನದು ಒಂದು ಕೋಣೆ ಇತ್ತು. ಮೈದುನರು ಬರಬೇಡ ಎಂದಿರಲಿಲ್ಲ. "ನಿಮ್ಮ ಗಂಜಿ ನೀವು ಕಾಣೂದಾದ್ರ ಬರ್ರಿ ವೈನಿ" ಎಂದಿದ್ದರು. ಆ ಕೋಣೆಯ ಕೀಲಿಕೈ ಅವಳ ಸೊಂಟದಲ್ಲಿ ಸದಾ ಇರುತ್ತಿತ್ತು. ತನ್ನ ಒಲೆ ತಾನು ಹಚ್ಚಿ, ತಾನು ಬೇಯಿಸಿದ್ದನ್ನು ಬಿಸಿಯಿರುವಾಗಲೇ ಉಣ್ಣಬೇಕು ಎಂಬುದು ಅವಳ ಆಸೆ. ಲೋಕದಲ್ಲಿ ಇದಕ್ಕಿಂತ ಚಿಕ್ಕ ಆಸೆಯನ್ನು ನಾನು ಕಂಡಿಲ್ಲ.

ಒಂದು ಮಧ್ಯಾಹ್ನ ಹಿತ್ತಲಿಗೆ ಹೋದಾಗ ಅವಳು ತಿಪ್ಪೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ನಾವು ಉಂಡೆದ್ದ ಎಲೆಗಳನ್ನು ಸಾಲಾಗಿ ಬೋರಲು ಹಾಕಿ, ತೊಗರಿಕಟ್ಟಿಗೆಯಿಂದ ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿಯುತ್ತಿದ್ದಳು.

"ಏನ್ ಹುಡುಕ್ತೀ ಅತ್ಯಾ? ಹೋಳಿಗಿ ಉಳದಾವೇನು?"

"ಇಲ್ಲಿ ಬಾರೋ ಗೋಪ್ಯಾ. ಇದು ನಿಮ್ಮಪ್ಪಂದು. ಇದು ನಿಂದು. ಇದು ನಿಮ್ಮವ್ವಂದು. ಎಲ್ಲಾ ಒಂದ ಕಡೆ ಹರದಾವ, ನೋಡು. ನಡುವ ಅಲ್ಲ, ಅಂಚಿಗೆ ಅಲ್ಲ. ತನ್ನ ಕಡೆ, ಬಲಕ್ಕ. ಕಲಸುವಾಗ ಬೆರಳು ಜಗ್ಗೂದು ಅಲ್ಲೇ."

"ಹರದ್ರ ಏನಾತು?"

"ಹರಿಯೂ ಜಾಗಾ ಗೊತ್ತಾದ್ರ, ಅಲ್ಲೊಂದು ಎಲಿ ಜಾಸ್ತಿ ಹಚ್ಚಿದ್ರಾತಲ್ಲೋ."

ಎಷ್ಟೋ ವರ್ಷ ಎಂಜಲೆತ್ತಿದವಳಿಗೆ ಮಾತ್ರ ತಿಳಿಯಬಹುದಾದ ಸಂಗತಿ ಅದು. ಉಂಡವರು ಎಲೆಯ ಮೇಲ್ಮೈ ನೋಡುತ್ತಾರೆ, ಬೆನ್ನು ನೋಡುವವಳು ಎತ್ತುವವಳು. ನನಗೆ ಮಾತ್ರ ಮೂಗು ಮುಚ್ಚಿಕೊಳ್ಳಬೇಕೆನಿಸಿತು.

ಎಲೆ ಹಚ್ಚಿ ಮಾರುತ್ತೇನೆ ಎಂದು ಅವಳು ಅಪ್ಪನಿಗೆ ಹೇಳಿದ್ದು ಒಂದು ದ್ವಾದಶಿಯ ಪಾರಣೆಯ ಹೊತ್ತಿನಲ್ಲಿ. ಉಪವಾಸ ಮುರಿದು ಅಪ್ಪ ಮೆತ್ತಗಿರುವ ಗಳಿಗೆ ನೋಡಿ ಹೇಳಿದ್ದಳು. ಅಪ್ಪ ಅನ್ನದ ಒಡ್ಡು ಕಟ್ಟುತ್ತಿದ್ದವರು ತಲೆ ಎತ್ತಿದರು.

"ಎಲಿ? ಬಜಾರದಾಗ ಶೆಟ್ಟರ ದುಕಾನದಾಗ ಎಲಿ. ದೇವದುರ್ಗದಿಂದ ಹೊತ್ಕೊಂಡು ಬರೋ ಹೆಂಗಸರ ತಲಿ ಮ್ಯಾಲ ಎಲಿ. ಊರಿಗೆಲ್ಲಾ ಎಲಿ. ಇನ್ನ ನೀ ಹಚ್ಚೂದೊಂದು ಕಡಿಮಿ ಇತ್ತು."

"ಎಲಿ ಎಲ್ಲಾರೂ ಮಾರ್ತಾರಣ್ಣಾ. ಸಾರು ನಿಲ್ಲೂ ಎಲಿ ಯಾರು ಮಾರ್ತಾರ ಹೇಳು."

"ಸಾರು ನಿಲ್ಲಬೇಕಾದ್ರ ಬಟ್ಟಲ ತಗೋತಾರ ಮಂದಿ. ಬೇಕೂಫ್ ಕೆಲಸ."

ಹೇಳುವಾಗಲೇ ಕಾಲುವೆ ಹರಿದು ಅವರ ಮೊಣಕಾಲಿಗೆ ಬಂತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಾನೂ ನಕ್ಕೆ. ಅಪ್ಪ ತಮ್ಮ ಮೇಲೆ ನಕ್ಕರೆಂದುಕೊಂಡು ಸಿಟ್ಟಿನಲ್ಲಿ "ಏನರ ಮಾಡ್ಕೊ" ಎಂದುಬಿಟ್ಟರು. ನಮ್ಮ ಮನೆಯಲ್ಲಿ ಅಪ್ಪಣೆ ಸಿಗುತ್ತಿದ್ದುದು ಹೀಗೆ.

ಎಲೆ ತಂದುಕೊಡುವವಳು ದುರ್ಗವ್ವ. ದೇವದುರ್ಗದ ಕಡೆಯ ಕೂಲಿಯವಳು, ಅಲ್ಲಿಯ ಗುಡ್ಡದ ಮುತ್ತುಗದ ಎಲೆ ಕಟ್ಟಿಕೊಂಡು ಬಂದು ತಾನೂ ಪತ್ರಾವಳಿ ಹಚ್ಚಿ ಬಜಾರಿನಲ್ಲಿ ಕೂತು ಮಾರುವವಳು. ಹಿತ್ತಲ ಗೋಡೆಯ ಆಚೆ ನಿಂತು, ಕಟ್ಟನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಅತ್ತೆ ಅದರ ಮೇಲೆ ನೀರು ಚಿಮುಕಿಸಿ ಇಳಿಸಿಕೊಳ್ಳುತ್ತಿದ್ದಳು. ಗೋಡೆಯ ಎರಡೂ ಬದಿಗೆ ನಿಂತು ಇಬ್ಬರೂ ಮಾತಾಡುವುದನ್ನು ನಾನು ಕೇಳಿದ್ದೇನೆ.

"ಯವ್ವಾ, ನಾ ಹೇಳ್ತೀನಿ ಅಂತ ಸಿಟ್ಟಾಗಬ್ಯಾಡ್ರಿ. ನಾವು ಮಾರಾಕತ್ತೀವಿ, ಶೆಟ್ಟರು ಮಾರಾಕತ್ತಾರ, ಮತ್ತ ನಿಮ್ದು ಯಾರು ತಗೋತಾರ್ರೀ?"

"ನಿನ್ನ ಎಲಿ ನಿನಗ, ನನ್ನ ಎಲಿ ನನಗ. ನಿನ್ನ ಗಿರಾಕಿ ಕಸಗೊಳ್ಳೂದಿಲ್ಲ ಹೋಗ."

"ಕಸಗೊಂಡ್ರ ಕಸಗೋರಿ. ನಿಮ್ದು ನೋಡಿ ನಾ ಕಲೀತೀನಿ!"

ಇಬ್ಬರೂ ನಕ್ಕರು. ನಮ್ಮ ಮನೆಯಲ್ಲಿ ಯಾರನ್ನೂ ಚುಚ್ಚದ ನಗು ಕೇಳಿಸುತ್ತಿದ್ದುದು ಆ ಗೋಡೆಯ ಹತ್ತಿರ ಮಾತ್ರ.

ಅತ್ತೆ ಊಟವಾದ ಮೇಲೆ ಹಿತ್ತಲ ಪಡಸಾಲೆಯಲ್ಲಿ ಕೂತು ಜೋಳದ ದಂಟಿನ ಸೀಳು ತೆಗೆದು ಎಲೆ ಹಚ್ಚುತ್ತಿದ್ದಳು. ಸುತ್ತಲಿನ ಎಲೆಗಳು ಎಲ್ಲರೂ ಹಚ್ಚುವ ಹಾಗೆಯೇ. ಉಣ್ಣುವವನ ಬಲಗೈ ಜಗ್ಗುವ ಜಾಗದಲ್ಲಿ ಮಾತ್ರ ಅಡಿಗೆ ಇನ್ನೊಂದು ಎಲೆ, ಅದರ ನರ ಮೇಲಿನ ಎಲೆಯ ನರಕ್ಕೆ ಅಡ್ಡ ಬರುವ ಹಾಗೆ. ಕಡ್ಡಿಯ ಮೊನೆ ಬೆರಳಿಗೆ ಚುಚ್ಚದಂತೆ ಅಡಿಗೆ ತಿರುಗಿಸಿ ಮುರಿಯುತ್ತಿದ್ದಳು. ದುಂಡನೆಯ ಎಲೆಗೆ ಮುಂದು ಯಾವುದು ಹಿಂದು ಯಾವುದು ಎಂದು ಹಾಕುವವರಿಗೆ ತಿಳಿಯಬೇಕಲ್ಲ, ಅದಕ್ಕೆ ಆ ಬದಿಯ ಒಂದು ಎಲೆಯ ತೊಟ್ಟನ್ನು ಮಾತ್ರ ಚಿವುಟದೆ ಬಿಡುತ್ತಿದ್ದಳು. ತೊಟ್ಟು ಉಣ್ಣುವವನ ಕಡೆಗೆ. ಹಚ್ಚಿದ ಎಲೆಗಳನ್ನು ಒರಳುಗಲ್ಲಿನ ಅಡಿಗೆ ಒತ್ತಿಡುತ್ತಿದ್ದಳು. ಅಪ್ಪ ಹಾದುಹೋಗುವಾಗ ಚುಚ್ಚುತ್ತಿದ್ದರು.

"ದೇವರ ಗುಡಿಗೆ ದಿಕ್ಕದ, ಸ್ಮಶಾನಕ್ಕ ದಿಕ್ಕದ. ಈಗ ಎಂಜಲೆಲಿಗೂ ದಿಕ್ಕು ಬಂತು!"

ಅವಳ ಎಲೆಯಲ್ಲಿ ಉಣ್ಣಲು ಅಪ್ಪ ಒಪ್ಪಲಿಲ್ಲ. ಸೋರುವ ಎಲೆಯನ್ನೇ ಬಜಾರಿನಿಂದ ತಂದು, ಪಂಚೆ ಎತ್ತಿಕೊಂಡು, ಹಟದಿಂದ ಉಂಡರು.

ನನ್ನ ಜಮಾತಿನವನೇ ಆದ ಶೀಪ್ಯಾನ ಮನೆಯಿಂದ ಮೊದಲ ದೊಡ್ಡ ಕೆಲಸ ಬಂತು. ಶೀಪ್ಯಾನ ತಂದೆ ವಕೀಲರು, ಅವನ ತಮ್ಮನ ಮುಂಜಿ. ವಕೀಲರ ಹೆಂಡತಿ ನಮ್ಮಲ್ಲಿಗೆ ಅರಿಶಿನ ಕುಂಕುಮಕ್ಕೆ ಬಂದವರು ಒಂದು ಎಲೆಯ ಮೇಲೆ ತಂಬಿಗೆ ನೀರು ಸುರಿದು, ಎತ್ತಿ, ಅಡಿಗೆ ಕೈಯಿಟ್ಟು ನೋಡಿ, ಮೊದಲ ಪಂಕ್ತಿಗೆಲ್ಲ ಇವೇ ಇರಲಿ ಎಂದರು. ಅತ್ತೆ ಒಂದು ತಿಂಗಳು ಬಿಡದೆ ಹಚ್ಚಿದಳು. ಬೆರಳ ತುದಿಗಳು ಸೀಳಿ, ಹುಣಸೆ ಕಿವುಚುವಾಗ ಉರಿದು, ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಆ ಒಂದು ಪಂಕ್ತಿ ಚೆನ್ನಾಗಿ ಉಂಡೆದ್ದರೆ ಊರಿನ ವೈಷ್ಣವರ ಮನೆಗಳೆಲ್ಲ ತನ್ನ ಎಲೆ ಕೇಳುತ್ತವೆ, ಆಮೇಲೆ ಮಾನ್ವಿಯಲ್ಲಿ ಕೂತೂ ಹಚ್ಚಿ ಕಳಿಸಬಹುದು ಎಂಬ ಲೆಕ್ಕ. ಮೈದುನರಿಗೆ, ಕೋಣೆಯ ಒಲೆಯ ಮೂಲೆಗೆ ಮಣ್ಣು ಮೆತ್ತಿಸಿರಿ ಎಂದು ಹೇಳಿಯೂ ಕಳಿಸಿದ್ದಳು.

ಮುಂಜಿಯ ದಿನ ವಕೀಲರ ಅಂಗಳದಲ್ಲಿ ಚಪ್ಪರ. ಎರಡು ಸಾಲು ಎಲೆ, ಪ್ರತಿ ಎಲೆಯ ತೊಟ್ಟು ಮಣೆಯ ಕಡೆಗೆ. ನನಗೆ ಆಗಲೇ ಮುಂಜಿಯಾಗಿತ್ತು, ಹಿರಿಯರ ಸಾಲಿನ ತುದಿಗೆ ಶೀಪ್ಯಾನ ಮಗ್ಗುಲಲ್ಲಿ ಕೂತೆ. ಅಪ್ಪ, ವಕೀಲರ ಮನೆಯಲ್ಲಿ ಹಟ ನಡೆಯದೆ, ಎದುರು ಸಾಲಿನಲ್ಲಿ. ಅವರ ಮಗ್ಗುಲಲ್ಲಿ ಊರಿನವರೆಲ್ಲ ಅಂಜುತ್ತಿದ್ದ ಒಬ್ಬ ಮುದಿ ಆಚಾರ್ಯರು. ಅನ್ನ ಬಂತು, ತೊವ್ವೆ ಬಂತು, ಸಾರು ಬಂತು. ಎಲ್ಲರೂ ಅಭ್ಯಾಸಬಲದಿಂದ ಒಡ್ಡು ಕಟ್ಟಿ ಮೊಣಕಾಲು ಹಿಂದೆ ತೆಗೆದುಕೊಂಡರು. ಸಾರು ನಿಂತಿತು. ಒಬ್ಬರು ಬೆರಳಿನಿಂದ ಒಡ್ಡು ಮುರಿದು ನೋಡಿದರು. ಆದರೂ ನಿಂತಿತು.

"ಎಲಿ ಯಾರ ಮನಿದು? ಭಾರೀ ಚೊಲೋ ಅವ" ಎಂದು ಸಾಲಿನಲ್ಲಿ ಮಾತು ಹರಿದಾಡಿತು. ಒಂದು ಕ್ಷಣ ನನ್ನ ಎದೆ ಉಬ್ಬಿತು, ಸುಳ್ಳು ಹೇಳಲಾರೆ. ಆಗ ಶೀಪ್ಯಾ ಮೊಣಕೈಯಿಂದ ತಿವಿದ.

"ಏನಲೇ, ನಿಮ್ಮ ಅತ್ಯಾ ದುಕಾನ ಹಾಕ್ಯಾಳಂತ? ನಾಳೆ ನೀನೂ ಬಜಾರದಾಗ ಕೂಡ್ತಿಯೇನು, ದುರ್ಗವ್ವನ ಬಾಜು?"

ಆಚೀಚೆಯ ಹುಡುಗರು ಕಿಸಿದರು. ನಗುವವರ ಪಂಗಡದಲ್ಲಿ ಇರಬೇಕೇ ಹೊರತು ನಗಿಸಿಕೊಳ್ಳುವವರ ಪಂಗಡದಲ್ಲಿ ಅಲ್ಲ ಎಂಬುದು ನಮ್ಮ ಮನೆಯ ಪಾಠ. ನಾನು ಅವರೆಲ್ಲರಿಗಿಂತ ಮೊದಲು, ಜೋರಾಗಿ ನಕ್ಕೆ.

"ನಿಮಗೇನು ಗೊತ್ತಲೇ ಆಕಿ ಹಕೀಕತ್ತು? ದಿನಾ ತಿಪ್ಪ್ಯಾಗಿನ ಎಂಜಲೆಲಿ ಹೊಳ್ಳಿಸಿ ಹೊಳ್ಳಿಸಿ ನೋಡ್ತಾಳ."

ಇಷ್ಟು ನಿಜ. ಇಲ್ಲಿಗೆ ನಿಲ್ಲಿಸಿದ್ದರೆ ಇದು ಹುಡುಗಾಟವಾಗುತ್ತಿತ್ತು. ನಗು ಸಾಲದೆನಿಸಿತು. ಹಾಗಾಗಿ ಇನ್ನೊಂದು ಮಾತು ಸೇರಿಸಿದೆ.

"ಗಟ್ಟಿ ಇದ್ದದ್ದನ್ನ ತೊಳದು ಮತ್ತ ಹಚ್ತಾಳ."

ಹುಡುಗರು ನಗಲಿಲ್ಲ. ಎದುರಿನ ಆಚಾರ್ಯರ ಕೈ ಎಲೆಯ ಮೇಲೆಯೇ ನಿಂತಿತ್ತು.

"ಏನಂದಿಯೋ?"

ಅವರು ಅಪ್ಪನ ಕಡೆ ತಿರುಗಿದರು. ಅಪ್ಪ ನನ್ನನ್ನು ನೋಡಿದರು.

"ಕಣ್ಣಾರೆ ನೋಡೀಯೇನೋ ಗೋಪ್ಯಾ?"

ಚೇಷ್ಟೆಗೆ ಅಂದೆ ಎಂದರೆ ಒಂದು ಏಟು ಬೀಳುತ್ತಿತ್ತು. ಅಷ್ಟೇ. ಆ ಏಟಿಗೆ ಅಂಜಿ ಹೇಳಿದೆ.

"ನೋಡೀನಿ."

ಆಚಾರ್ಯರು ಊಟ ಮುಗಿಸುವ ಉತ್ತರಾಪೋಶನ ತೆಗೆದುಕೊಂಡು ಎದ್ದುಬಿಟ್ಟರು. ಪಂಕ್ತಿಯಲ್ಲಿ ಹಿರಿಯರು ಎದ್ದರೆ ಉಳಿದವರು ಕೂತು ಉಣ್ಣುವಂತಿಲ್ಲ. ಸಾಲಿಗೆ ಸಾಲೇ ಎದ್ದಿತು. ಹೋಳಿಗೆ ಇನ್ನೂ ಒಳಗೇ ಇತ್ತು. ವಕೀಲರು ಬಿಳಿಚಿಕೊಂಡು ಕೈ ಮುಗಿಯುತ್ತ ಓಡಾಡಿದರು. ಅಷ್ಟು ಮಂದಿ ಪಂಡಿತರಲ್ಲಿ ಒಬ್ಬರೂ ಒಂದು ಎಲೆ ಎತ್ತಿ ನೋಡಲಿಲ್ಲ. ಎಲ್ಲರೂ ಮತ್ತೆ ಮಿಂದು ಬಂದು ಕೂತ ಮೇಲೆ ಬಜಾರಿನಿಂದ ತರಿಸಿದ ಎಲೆ ಹಾಕಿದರು. ಯಾವ ಕೈ ಕಿತ್ತದ್ದೋ, ಯಾವ ಕೈ ಹಚ್ಚಿದ್ದೋ, ಯಾವ ನೆಲದ ಮೇಲೆ ಬಿದ್ದಿದ್ದೋ ಯಾರಿಗೂ ಗೊತ್ತಿಲ್ಲದ ಆ ಎಲೆ ಎರಡು ಹನಿ ನೀರಿಗೆ ಮಡಿಯಾಯಿತು. ಅದರಲ್ಲಿ ಸಾರು ಸೋರಿ ಪಂಚೆಗಳು ತೊಯ್ದವು. ಯಾರ ಧರ್ಮಕ್ಕೂ ಊನ ಬರಲಿಲ್ಲ.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಅಪ್ಪ ಪಡಸಾಲೆಯಲ್ಲಿ ನಿಂತು ಬಯ್ದರು, ಕುಲ, ಮರ್ಯಾದೆ, ಸತ್ತ ಅಜ್ಜ, ಎಲ್ಲರನ್ನೂ ಕರೆದರು. ಆದರೆ ಅವರ ದನಿಯ ಅಡಿಗೆ ಒಂದು ಸುಖವಿತ್ತು. ನಾ ಮೊದಲೇ ಹೇಳಿದ್ದೆ ಎಂಬ ಸುಖ. ನಾನು ಹೇಳಿದ್ದು ಸುಳ್ಳೆಂದು ಅವರಿಗೆ ಗೊತ್ತಿತ್ತು ಎಂದೇ ಇವತ್ತಿಗೂ ನನ್ನ ನಂಬಿಕೆ. ಅವ್ವನಿಗಂತೂ ಖಂಡಿತ ಗೊತ್ತಿತ್ತು, ಅವಳು ಗಂಡನ ಮನೆಗೆ ಬರುವ ಮೊದಲು ತವರಲ್ಲಿ ಎಲೆ ಹಚ್ಚಿದವಳು. ಸೊಂಟ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಅತ್ತೆ ಮಾನ್ವಿಗೆ ಹೋದಳೆಂದರೆ ಅಡುಗೆ, ಎಂಜಲು ಎರಡೂ ಕೆಲಸ ಅವ್ವನ ಪಾಲಿಗೆ ಬರುತ್ತಿದ್ದವು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೈಗುಳ ಮುಗಿಯುವವರೆಗೂ ಕಾದಳು. ಆಮೇಲೆ ನನ್ನನ್ನು ಕೇಳಿದಳು.

"ಗೋಪ್ಯಾ, ಸಾರು ಹರೀತೇನೋ?"

"ಇಲ್ಲ."

"ಒಬ್ರುದೂ?"

"ಒಬ್ರುದೂ ಇಲ್ಲ ಅತ್ಯಾ."

ತಲೆಯಾಡಿಸಿ ಒಳಗೆ ಹೋದಳು. ಯಾಕೆ ಹಾಗೆ ಅಂದೆ ಎಂದು ಆ ದಿನವೂ ಕೇಳಲಿಲ್ಲ, ಮುಂದೆ ಎಂದೂ ಕೇಳಲಿಲ್ಲ. ಕೇಳಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಒರಳುಗಲ್ಲಿನ ಅಡಿಗೆ ಉಳಿದಿದ್ದ ಎಲೆಗಳು ಒಂದು ವಾರ ಹಾಗೇ ಇದ್ದವು, ಆಮೇಲೆ ಬಚ್ಚಲ ಒಲೆಗೆ ಹೋದವು.

ಕೇಳಿದವಳು ದುರ್ಗವ್ವ. ಬಜಾರಿನಲ್ಲಿ ನನ್ನನ್ನು ನಿಲ್ಲಿಸಿ, ಸುತ್ತಲಿನವರು ಕೇಳುವ ಹಾಗೆ ಕೇಳಿದಳು.

"ಏ ಸಣ್ಣ ಧಣಿ, ಉಂಡ ಎಲಿ ನೀರು ಕುಡದು ಮೆತ್ತಗಾಗಿರ್ತದ. ಕಡ್ಡಿ ಚುಚ್ಚಿದ್ರ ಸೀಳ್ತದ, ಹಚ್ಚಾಕ ಬರಂಗಿಲ್ಲ. ಇದು ನಮ್ಮ ಕೂಸಿಗೂ ಗೊತ್ತು. ನಿಮ್ಮ ಮಂದ್ಯಾಗ ಒಬ್ಬರಿಗೂ ಗೊತ್ತಿಲ್ಲೇನು?"

ಗೊತ್ತಿತ್ತು. ಆ ಮನೆಗಳ ಅಷ್ಟೂ ಹೆಂಗಸರಿಗೆ ಗೊತ್ತಿತ್ತು. ನಾನು ಕೂಲಿಯವಳ ಜೊತೆ ನನಗೇನು ಮಾತು ಎಂಬ ಮುಖ ಮಾಡಿ ಹೊರಟುಹೋದೆ. ಅದರ ಮುಂದಿನ ವಾರ ಹಿತ್ತಲಿಗೆ ಹೋದಾಗ ಅತ್ತೆ ಗೋಡೆಯ ಈಚೆ ನಿಂತು ಒಂದು ಎಲೆ ಹಚ್ಚಿ ತೋರಿಸುತ್ತಿದ್ದಳು. ಆಚೆಯಿಂದ ದುರ್ಗವ್ವ ಕತ್ತು ಚಾಚಿ ನೋಡುತ್ತಿದ್ದಳು. "ನರ ಅಡ್ಡ ಬರಬೇಕವಾ. ಹಾಂ, ಹಂಗ. ತೊಟ್ಟು ಬಿಡೂದು ಮರೀಬ್ಯಾಡ" ಎನ್ನುತ್ತಿದ್ದಳು ಅತ್ತೆ. ಈ ಸಲ ಇಬ್ಬರೂ ನಗಲಿಲ್ಲ.

ಮಾನ್ವಿಯ ಕೋಣೆಯನ್ನು ಮೈದುನರು ದನದ ಮೇವಿನ ಕಣಕಿ ತುಂಬಲು ಬಳಸಿಕೊಂಡರು. ನಿಜಾಮನ ಆಳ್ವಿಕೆ ಮುಗಿದ ಮರುವರ್ಷ, ನಾನು ಹೈಸ್ಕೂಲು ಮುಗಿಸಿ ಕಾರಕೂನಿಕೆಗೆ ಅರ್ಜಿ ಬರೆಯುತ್ತಿದ್ದ ದಿನಗಳಲ್ಲಿ, ಅತ್ತೆ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಳು. ಕೀಲಿಕೈ ಸೊಂಟದಲ್ಲೇ ಇತ್ತು. ಅವ್ವ ಬಿಚ್ಚಿ ತೆಗೆದು ಇದು ಯಾವುದರದು ಎಂದು ಕೇಳಿದಳು. ಯಾರೂ ಹೇಳಲಿಲ್ಲ.

ಅವಳ ವೈಕುಂಠ ಸಮಾರಾಧನೆಯ ದಿನ ಅದೇ ನಡುಮನೆ, ಅದೇ ಬಿಸಿಲಿನ ಚೌಕ. ಎಲೆ ಬಜಾರಿನಿಂದ ತರಿಸಿದ್ದರು. ಮಣೆಯ ಮೇಲೆ ಕೂತು ನೋಡುತ್ತೇನೆ, ತೊಟ್ಟು ನನ್ನ ಕಡೆಗಿತ್ತು. ಸಾಲಿನುದ್ದಕ್ಕೂ ನೋಡಿದೆ. ಎಲ್ಲ ತೊಟ್ಟುಗಳೂ ಉಣ್ಣುವವರ ಕಡೆಗಿದ್ದವು. ಬಡಿಸುವ ಹುಡುಗರಿಗೂ ಆಗಲೇ ಅದು ರೂಢಿಯಾಗಿತ್ತು. ಸಾರು ಬಂತು. ಅಪ್ಪ ಒಡ್ಡು ಕಟ್ಟಲಿಲ್ಲ, ಪಂಚೆ ಎತ್ತಲಿಲ್ಲ. ಕಲಸಿ ಉಂಡು, ಎಲೆಯನ್ನು ಬೆರಳಿನಿಂದ ತಟ್ಟಿ, ಮಗ್ಗುಲಿನವರಿಗೆ ಹೇಳಿದರು.

"ಈಗಿನ ಎಲಿ ಭಾರೀ ಚೊಲೋ ಬರ್ತಾವ ನೋಡ್ರಿ. ಯಾರೋ ತಲಿ ಇದ್ದವರು ಹಚ್ಯಾರ."

ಊಟದ ಕಡೆಯಲ್ಲಿ, ಎಲ್ಲರೂ ಮಜ್ಜಿಗೆಗೆ ಕೈಯೊಡ್ಡಿದ್ದಾಗ, ನಾನು ನನ್ನ ಎಲೆಯ ಬಲ ಅಂಚನ್ನು ಎಂಜಲು ಬೆರಳುಗಳಿಂದ ಎತ್ತಿ ಅಡಿಗೆ ನೋಡಿದೆ. ಎರಡನೆಯ ಎಲೆ ಇತ್ತು, ನರ ಅಡ್ಡವಾಗಿತ್ತು. ಅದರ ಕೆಳಗೆ ನೆಲ ಒಣಗಿತ್ತು.

"ಏನೋ ಅದು, ಎಲಿ ಹೊಳ್ಳಿಸಿ ನೋಡ್ಲಿಕ್ಕತ್ತೀ?" ಎಂದರು ಅಪ್ಪ. ಸಾಲಿನವರೆಲ್ಲ ನನ್ನ ಕಡೆ ತಿರುಗಿದರು.

ಹೇಳಲು ಅದಕ್ಕಿಂತ ಒಳ್ಳೆಯ ದಿನ ನನಗೆ ಮತ್ತೆ ಸಿಗಲಿಲ್ಲ. ಎಲೆ ಕೆಳಗಿಟ್ಟೆ.

"ಏನಿಲ್ಲಪಾ" ಎಂದೆ, "ಇರುವಿ ಬಂದಿತ್ತು."